ಹೊಳೆದಂಡೆಯ ಮಿಡಿ

ಕಾಯಿ ಹಣ್ಣಾಗುವ ಹಾದಿಯಲ್ಲಿ ಕನ್ನಡ ಹಂತಕ್ಕೊಂದು ಹೆಸರಿಟ್ಟಿದೆ. ಹೂ ಉದುರಿದ ಮೇಲೆ ಹೀಚು, ಆಮೇಲೆ ಮಿಡಿ, ಬಲಿತರೆ ಕಾಯಿ, ಹಣ್ಣಿನ ಹೊಸ್ತಿಲಲ್ಲಿ ದೋರೆಗಾಯಿ. ಇವುಗಳಲ್ಲಿ ಮಿಡಿಯ ಆಯಸ್ಸು ತೀರಾ ಚಿಕ್ಕದು. ಮಾವಿನ ಮಿಡಿಯಾದರೆ ಒಳಗಿನ ಗೊರಟೆ ಗಟ್ಟಿಯಾಗುವುದರೊಳಗೆ ಕೊಯ್ಯಬೇಕು. ಒಂದು ವಾರ ತಡವಾದರೆ ಅದು ಇನ್ನು ಮಿಡಿಯಲ್ಲ, ಬರೀ ಹುಳಿಕಾಯಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರ, ಹೊಸನಗರದ ಕಡೆಯ ಮನೆಗಳಲ್ಲಿ ಇಡೀ ವರ್ಷದ ಊಟದ ರುಚಿ ತೀರ್ಮಾನವಾಗುವುದು ವಸಂತದ ಈ ಎರಡು ಮೂರು ವಾರಗಳಲ್ಲೇ.

ಹಾಗಾಗಿ ಅಲ್ಲಿ ಮಾಘ, ಫಾಲ್ಗುಣದ ತಿರುಗಾಟಕ್ಕೆ ಕಾರಣವಿರುತ್ತದೆ. ಅಘನಾಶಿನಿ, ಶರಾವತಿ, ಬೇಡ್ತಿ, ಕಾಳಿ, ವರದೆಯರ ದಂಡೆಗಳಲ್ಲಿ, ಅವುಗಳನ್ನು ಸೇರುವ ಹಳ್ಳಗಳ ಬದಿಯಲ್ಲಿ ತಾನಾಗಿ ಬೆಳೆದ ಮಾವಿನ ಮರಗಳಿವೆ. ಯಾವುದು ಹೂ ಬಿಟ್ಟಿದೆ, ಯಾವುದು ಈ ವರ್ಷ ಸುಮ್ಮನಿದೆ, ಯಾವ ಮರದ ಹೂವನ್ನು ಮೋಡ, ಇಬ್ಬನಿ ಕೆಡಿಸಿತು ಎಂದು ನೋಡಿಕೊಂಡು ಬರಬೇಕು. ಕಾಡಿನ ಎಲ್ಲ ಮಾವೂ ಉಪ್ಪಿನಕಾಯಿಗೆ ಆಗಿಬರುವುದಿಲ್ಲ. ಒಳ್ಳೆಯ ಮಿಡಿಗೆ ಹುಳಿ ಬೇಕು, ಸೊನೆ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಪರಿಮಳ ಬೇಕು. ಇಂಥ ಮಿಡಿಗಳ ಒಟ್ಟು ಹೆಸರು ಅಪ್ಪೆಮಿಡಿ. ಅನುಭವವಿದ್ದವರು ಮಿಡಿ ಕಾಣುವವರೆಗೂ ಕಾಯುವುದಿಲ್ಲ, ಎಲೆ ಹೊಸಕಿ ಮೂಸುತ್ತಾರೆ. ತುಳುವಿನಲ್ಲಿ 'ಅಪ್ಪೆ' ಎಂದರೆ ತಾಯಿ. ಅದಕ್ಕೂ ಇದಕ್ಕೂ ನಂಟು ಕಲ್ಪಿಸುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ಬರೀ ಉಚ್ಚಾರದ ಹೋಲಿಕೆಯಿಂದ ಪದಗಳು ನೆಂಟರಾಗುವುದಿಲ್ಲ.

ಅಪ್ಪೆಯಲ್ಲೂ ಒಳಜಾತಿಗಳಿವೆ. ಅನಂತಭಟ್ಟನ ಅಪ್ಪೆ, ಮಾಳಂಜಿ, ಕಂಚಪ್ಪ, ಹಳದೋಟ, ದೊಂಬೆಸರ ಜೀರಿಗೆ. ಒಂದು ವ್ಯಕ್ತಿಯ ಹೆಸರು, ಇನ್ನೊಂದು ಜಾಗದ್ದು, ಮತ್ತೊಂದು ವಾಸನೆಯದು. ಜೀರಿಗೆ ಅಪ್ಪೆಯ ತೊಟ್ಟು ಮುರಿದರೆ ನಿಜಕ್ಕೂ ಜೀರಿಗೆಯ ಘಮ ಬರುತ್ತದೆ. ಈ ಹೆಸರುಗಳನ್ನು ಇಟ್ಟದ್ದು ಸಸ್ಯಶಾಸ್ತ್ರಜ್ಞರಲ್ಲ. ಯಾರದೋ ಹಿತ್ತಿಲ ಆಚೆಗಿನ, ಯಾವುದೋ ಕೇರಿಯ ಕೆಳಗಿನ ಒಂದು ಮರ ಮೊದಲು ಮನೆಮಂದಿಗೆ, ಆಮೇಲೆ ನೆಂಟರಿಗೆ ಗೊತ್ತಾಗಿ ಹೆಸರು ಪಡೆಯಿತು. ಮಾವಿನ ಗೊರಟೆ ನೆಟ್ಟರೆ ತಾಯಿಮರದ ಗುಣವೇ ಬರುತ್ತದೆಂಬ ಖಾತರಿಯಿಲ್ಲ. ಹೀಗಾಗಿ ಎಷ್ಟೋ ಹೆಸರುಗಳ ಹಿಂದೆ ಇದ್ದದ್ದು ಒಂದೇ ಒಂದು ಮರ.

ಬರಹದ ದಾಖಲೆಯಲ್ಲಿ ಆ ಮರವನ್ನು ಹುಡುಕುವುದು ಕಷ್ಟ. ಕನ್ನಡದಲ್ಲಿ ಅಡುಗೆಯ ಬಗ್ಗೆ ಬರೆದವರಿಗೆ ಕೊರತೆಯಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕದ ವಿಷಯವೂ ಇದೆ, ಗಿಡಮರಗಳ ಆರೈಕೆಯೂ ಇದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ 'ಸೂಪಶಾಸ್ತ್ರ'ದಲ್ಲಿ ಬದನೆಕಾಯಿಗೇ ಒಂದು ಅಧ್ಯಾಯ ಕೊಟ್ಟ. ಗುರುಲಿಂಗದೇಶಿಕನ 1594ರ 'ಲಿಂಗಪುರಾಣ'ದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ಪ್ರಸ್ತಾಪವಿದೆ ಎಂದು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಬರೆದಿದ್ದಾರೆ. ಪುಸ್ತಕಗಳು ಬಗೆಗಳನ್ನು ಎಣಿಸುತ್ತವೆ. ಯಾವ ಹೊಳೆಯ, ಯಾವ ಮರದ ಮಿಡಿ ಎಂಬುದು ಅವಕ್ಕೆ ಬೇಕಿರಲಿಲ್ಲ. ಸರ್ಕಾರಿ ಕಣ್ಣಿನದು ಇನ್ನೊಂದು ರೀತಿ. 1801ರ ಬೇಸಿಗೆಯ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಸೋಂದೆ, ಶಿರಸಿಯ ದಾರಿಯಲ್ಲೇ ಹಾದುಹೋದ. ಅದು ಮಿಡಿಯ ಕಾಲ. ಅವನ ಲೇಖನಿ ನಿಂತು ಬರೆದದ್ದು ಅಡಿಕೆ ತೋಟ, ಮೆಣಸು, ಕಂದಾಯದ ಲೆಕ್ಕಗಳ ಬಗ್ಗೆ. ಕಂಪನಿಗೆ ಹಣ ತರುವುದು ಅವೇ ತಾನೆ.

ಪಕ್ಕದ ಭಾಷೆಗಳ ಜೊತೆ ಇಟ್ಟು ನೋಡಿದರೆ 'ಉಪ್ಪಿನಕಾಯಿ' ಎಂಬ ಪದವೇ ಒಂದಿಷ್ಟು ಹೇಳುತ್ತದೆ. ತಮಿಳಿನ 'ಊರುಗಾಯ್', ತೆಲುಗಿನ 'ಊರಗಾಯ' ಎರಡರಲ್ಲೂ ಇರುವುದು ನೆನೆಯುವ, ಊರುವ ಕ್ರಿಯೆ. ಹಿಂದಿಯ 'ಅಚಾರ್' ಪಾರಸಿಯಿಂದ ಬಂದದ್ದು. ಕನ್ನಡ ಮತ್ತು ಮರಾಠಿ ಮಾತ್ರ ಉಪ್ಪನ್ನೇ ಹಿಡಿದುಕೊಂಡಿವೆ. 'ಲೋಣಚೆ'ಯ ಒಳಗಿರುವುದು ಲವಣ. ಮಿಡಿಯ ವಿಷಯದಲ್ಲಿ ಈ ಹೆಸರು ಅಕ್ಷರಶಃ ಸರಿ. ಶಿರಸಿಯ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ ಸಮುದ್ರ ಸೇರುವಲ್ಲಿ, ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ, ಉಪ್ಪಿನ ಗದ್ದೆಗಳಿವೆ. ಒಂದೇ ಹೊಳೆಯ ಮೇಲ್ತುದಿಯಲ್ಲಿ ಮಿಡಿ, ಕೆಳತುದಿಯಲ್ಲಿ ಉಪ್ಪು. ಎರಡರ ಹಂಗಾಮೂ ಬಿಸಿಲು ಏರುವ ದಿನಗಳೇ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗಲೂ ಘಟ್ಟದ ಮೇಲಿನ ಮನೆಗಳಲ್ಲಿ ಭರಣಿ ತೊಳೆದು ಒಣಗಿಸುವ ಸಮಯ. ಮಿಡಿ ಹಾಕುವ ಮನೆಗೆ ಉಪ್ಪಿನ ತೆರಿಗೆ ಎಂದರೇನು ಎಂದು ವಿವರಿಸಿ ಹೇಳಬೇಕಾಗಿರಲಿಲ್ಲ.

ಮಿಡಿ ಹಾಕುವ ಕ್ರಮದಲ್ಲಿ ಅವಸರಕ್ಕೆ ಜಾಗವಿಲ್ಲ. ಮಿಡಿಯನ್ನು ತೊಟ್ಟು ಸಮೇತ ಕೀಳಬೇಕು, ತೊಟ್ಟು ಹೋದರೆ ಸೊನೆಯೂ ಹೋಗುತ್ತದೆ. ನೆಲಕ್ಕೆ ಬಿದ್ದು ಪೆಟ್ಟಾದದ್ದನ್ನು ಬೇರೆ ಇಡಬೇಕು, ಒಂದು ಕೊಳೆತರೆ ಭರಣಿಯೇ ಕೆಟ್ಟೀತು. ಕಲ್ಲುಪ್ಪಿನಲ್ಲಿ ಹಾಕಿಟ್ಟ ಮಿಡಿ ದಿನ ಕಳೆದಂತೆ ನೀರು ಬಿಟ್ಟು ಮುದುಡುತ್ತದೆ. ಆ ಉಪ್ಪುನೀರನ್ನು ಕುದಿಸಿ, ಆರಿಸಿ, ಅದರಲ್ಲೇ ಸಾಸಿವೆ, ಮೆಣಸಿನಕಾಯಿ ಅರೆಯುತ್ತಾರೆ. ಹೊರಗಿನ ನೀರು ಒಂದು ಹನಿಯೂ ಸೇರುವಂತಿಲ್ಲ. ಸರಿಯಾಗಿ ಹಾಕಿದ್ದು ವರ್ಷಗಟ್ಟಲೆ ಇರುತ್ತದೆ. ಇಷ್ಟು ಹಳೆಯದಾಗಿ ಕಾಣುವ ಈ ಭರಣಿಯ ಕೆಂಪು ಬಣ್ಣ ಮಾತ್ರ ತಡವಾಗಿ ಬಂದದ್ದು. ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಮೆಣಸಿನಕಾಯಿ ಬರುವ ಮೊದಲು ಖಾರಕ್ಕೆ ಇದ್ದದ್ದು ಕರಿಮೆಣಸು. ಅದನ್ನು ಅರಸಿಕೊಂಡೇ ಅವರು ಇಲ್ಲಿಗೆ ಬಂದದ್ದು, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 'ಮೆಣಸಿನ ರಾಣಿ' ಎಂದು ಕರೆದದ್ದು.

ಹಡಗುಗಳು ಬರಿಗೈಯಲ್ಲಿ ಹೋಗಲಿಲ್ಲ. ಮಲಯಾಳದ 'ಮಾಂಙ' ಪೋರ್ಚುಗೀಸರ ಬಾಯಲ್ಲಿ 'ಮಾಂಗಾ' ಆಗಿ, ಇಂಗ್ಲಿಷರಿಗೆ 'ಮ್ಯಾಂಗೋ' ಆಗಿ ತಲುಪಿತು. ಆದರೆ ತಿಂಗಳುಗಟ್ಟಲೆ ಹಡಗುಯಾನ ತಾಳಿಕೊಂಡು ಇಂಗ್ಲೆಂಡ್ ಮುಟ್ಟುತ್ತಿದ್ದದ್ದು ಹಣ್ಣಲ್ಲ, ಉಪ್ಪಿನಕಾಯಿ. ಹಾಗಾಗಿ ಅಲ್ಲಿಯ ಅಡುಗೆಮನೆಯಲ್ಲಿ ಆ ಪದಕ್ಕೆ ಉಪ್ಪಿನಕಾಯಿ ಎಂಬ ಅರ್ಥವೇ ಬಂತು. ಜಾನ್ ಎವ್ಲಿನ್ 1699ರಲ್ಲಿ ಪ್ರಕಟಿಸಿದ 'ಅಸಿಟೇರಿಯಾ'ದಲ್ಲಿ 'ಸೌತೆಕಾಯಿಯ ಮ್ಯಾಂಗೋ' ಮಾಡುವ ವಿಧಾನವಿದೆ, ಅದರಲ್ಲಿ ಮಾವು ಇಲ್ಲ! ಅಮೆರಿಕದ ಕೆಲವು ಪ್ರಾಂತ್ಯಗಳಲ್ಲಿ ಮಸಾಲೆ ತುಂಬಿ ಉಪ್ಪಿನಕಾಯಿ ಹಾಕುತ್ತಿದ್ದ ದೊಣ್ಣೆಮೆಣಸಿನಕಾಯಿಗೂ ಅದೇ ಹೆಸರು ಅಂಟಿ, ಇಪ್ಪತ್ತನೆಯ ಶತಮಾನದಲ್ಲೂ ಉಳಿದಿತ್ತು. ವಸ್ತುವನ್ನು ಕಾಣದ ಜನರ ಬಾಯಲ್ಲಿ ಹೆಸರು ಹೀಗೆ ತಾನೇ ತಿರುಗಾಡುತ್ತದೆ.

ಮಲೆನಾಡಿನಲ್ಲೂ ವಸ್ತುವಿಲ್ಲದ ಹೆಸರುಗಳು ಉಳಿಯತೊಡಗಿದ್ದು ಆಮೇಲಿನ ಕತೆ. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿಯ ಕಣಿವೆ ಮುಳುಗಿತು. ಮನೆ, ಗದ್ದೆ, ತೋಟ ಕಳೆದುಕೊಂಡವರಿಗೆ ಪರಿಹಾರದ ಲೆಕ್ಕವಾದರೂ ಇತ್ತು, ಅದು ಎಷ್ಟೇ ಅರೆಕೊರೆಯಾಗಿರಲಿ. ಹೊಳೆದಂಡೆಯ ಮಿಡಿಮಾವು ಯಾರ ಪಹಣಿಯಲ್ಲೂ ಇರಲಿಲ್ಲ. ಘಟ್ಟದ ಕಾಡುಮಾವಿನ ದಿಮ್ಮಿಗಳು ಪ್ಲೈವುಡ್ ಕಾರ್ಖಾನೆಗಳಿಗೂ ಹೋದವು. 1983ರಲ್ಲಿ ಶಿರಸಿಯ ಸಾಲ್ಕಣಿಯ ಬಳಿ ಜನ ಮರಗಳನ್ನು ಅಪ್ಪಿಕೊಂಡು ಕಡಿತ ತಡೆದಾಗ ಅವರ ಬೆನ್ನ ಹಿಂದೆ ಇಂಥ ಬಹಳ ಮರಗಳ ನೆನಪಿತ್ತು. ಆದರೆ ಎಲ್ಲ ತಪ್ಪನ್ನೂ ಹೊರಗಿನವರ ಮೇಲೆ ಹಾಕುವಂತಿಲ್ಲ. ಪೇಟೆಯಲ್ಲಿ ಮಿಡಿಗೆ ಬೆಲೆ ಬಂದ ಮೇಲೆ, ಎತ್ತರದ ಮರ ಹತ್ತಿ ಒಂದೊಂದೇ ಗೊಂಚಲು ಕೊಯ್ಯುವ ಬದಲು ಹೆರೆಯನ್ನೇ ಕಡಿದು ಕೆಡಹುವುದು ಶುರುವಾಯಿತು. ಒಂದು ಋತುವಿನ ಮಿಡಿಗಾಗಿ ನೂರು ವರ್ಷದ ಮರ ಬೋಳಾಗುತ್ತದೆ. ಪೈಪೋಟಿಯಲ್ಲಿ ಬಲಿಯುವ ಮೊದಲೇ ಕೊಯ್ದದ್ದೂ ಸಂತೆಗೆ ಬರುತ್ತದೆ. ಅದರಲ್ಲಿ ಸೊನೆಯೂ ಇಲ್ಲ, ಬಾಳಿಕೆಯೂ ಇಲ್ಲ.

ಉಳಿಸುವ ಕೆಲಸ ಮೊದಲು ಶುರುವಾದದ್ದು ಹಿತ್ತಿಲುಗಳಲ್ಲಿ. ಒಳ್ಳೆಯ ಮರದಿಂದ ಕಡ್ಡಿ ತಂದು, ಬೇರೆ ಮಾವಿನ ಸಸಿಗೆ ಕಸಿ ಕಟ್ಟಿ, ನೆಂಟರಿಷ್ಟರಿಗೆ ಹಂಚಿದ ರೈತರು ಒಬ್ಬಿಬ್ಬರಲ್ಲ. ಎತ್ತರದ ಕಾಡುಮರದ ಗುಣ ಕೈಗೆಟುಕುವ ಗಿಡಕ್ಕೆ ಇಳಿಯಿತು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನೂರಕ್ಕೂ ಹೆಚ್ಚು ಅಪ್ಪೆಮಿಡಿ ಬಗೆಗಳನ್ನು ಸಂಗ್ರಹಿಸಿ ಬೆಳೆಸಿದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಇವೆಲ್ಲ ಬೇಕು. ಆದರೆ ಮಾನ್ಯತೆಯ ಚೀಟಿ 'ಅಪ್ಪೆಮಿಡಿ' ಎಂಬ ಒಂದೇ ಪದಕ್ಕೆ. ಅದರೊಳಗಿನ ಅನಂತಭಟ್ಟ, ಮಾಳಂಜಿ, ಕಂಚಪ್ಪರನ್ನು ಬೇರೆಬೇರೆಯಾಗಿ ಗುರುತಿಸಲು ಇಂದಿಗೂ ಮೂಗೇ ಬೇಕು.

ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯಲ್ಲಿ ಋತು ಬಂದಾಗ ಮಿಡಿಯ ವ್ಯಾಪಾರ ಜೋರು. ಅಲ್ಲಿ ಮಿಡಿಯನ್ನು ತೂಗಿ ಕೊಡುವುದಕ್ಕಿಂತ ಎಣಿಸಿ ಕೊಡುವುದು ರೂಢಿ, ನೂರಕ್ಕೆ ಇಷ್ಟು ಎಂದು. ಮುಂಬೈಗೋ ಪುಣೆಗೋ ಹೋಗಲಿರುವ ಭರಣಿಯ ಮಿಡಿಯೂ ಇಲ್ಲಿಂದಲೇ ಹೊರಟಿರಬಹುದು. ಮಾರುವವರು ಎಲ್ಲವನ್ನೂ ಜೀರಿಗೆ ಎಂದೇ ಕೂಗುತ್ತಾರೆ. ಕೊಳ್ಳಲು ಬಂದ ಹೆಂಗಸು ಉತ್ತರ ಕೊಡುವುದಿಲ್ಲ. ರಾಶಿಯಿಂದ ಒಂದು ಮಿಡಿ ಎತ್ತಿ, ತೊಟ್ಟು ಮುರಿದು, ಮೂಗಿನ ಬಳಿ ಹಿಡಿಯುತ್ತಾಳೆ. ಅವಳು ಕತ್ತೆತ್ತುವವರೆಗೆ ಎಣಿಸುವವನ ಕೈ ಕಾಯುತ್ತಿರುತ್ತದೆ.