ಪದ, ಪಾಟ್ಟು, ಪಾಡ್ದನ

ದೇವರಿಗೆ ಅಷ್ಟಾವಧಾನ ಸೇವೆ ಸಲ್ಲುವಾಗ ವೇದ ಪುರಾಣಗಳ ಸಾಲಿನಲ್ಲಿ ಸಂಗೀತಕ್ಕೂ ಸ್ಥಾನವಿರುವುದನ್ನು ಭಕ್ತಾದಿಗಳೆಲ್ಲರೂ ಬಲ್ಲರು. ಆದರೆ ಕಾಸರಗೋಡಿನ ನೆಲದಲ್ಲಿ ಆ ಸಂಗೀತಕ್ಕೆ ಎಷ್ಟೊಂದು ಹೆಸರು! ಯಕ್ಷಗಾನದ ಭಾಗವತರು ಹೇಳುವುದು ಪದ. ತುಳುವರ ದೈವಗಳ ಕಥೆ ಪಾಡ್ದನ. ತೆಯ್ಯಂ ಕಟ್ಟುವವರು ಹಾಡುವುದು ತೋಟ್ಟಂ ಪಾಟ್ಟು. ಗರ್ಭಗುಡಿಯ ಮೆಟ್ಟಿಲ ಬಳಿ ಇಡಕ್ಕ ನುಡಿಸುತ್ತ ಹಾಡಿದರೆ ಅದು ಸೋಪಾನ ಸಂಗೀತ, ಸೋಪಾನವೆಂದರೆ ಮೆಟ್ಟಿಲೇ.

ಪಾಟ್ಟು, ಪಾಡ್ದನ ಎರಡರ ಬೇರೂ ‘ಪಾಡು’ ಎಂಬ ದ್ರಾವಿಡ ಧಾತು. ಹಳಗನ್ನಡದಲ್ಲಿಯೂ ಪಾಡು ಎಂದೇ ಇತ್ತು. ಪಾಲು ಹಾಲಾಗಿ, ಪೂ ಹೂವಾದಂತೆ ಪಾಡು ನಮ್ಮಲ್ಲಿ ಹಾಡಾಯಿತು. ಮಲಯಾಳ, ತಮಿಳುಗಳಲ್ಲಿ ಪಕಾರ ಹಾಗೆಯೇ ಉಳಿಯಿತು. ಇಮ್ಮಡಿ ನಾಗವರ್ಮನು ‘ಕಾವ್ಯಾವಲೋಕನ’ದಲ್ಲಿ ಪಾಡು, ಪಾಡುಗಬ್ಬ ಎಂಬ ಪ್ರಕಾರಗಳನ್ನು ಹೆಸರಿಸಿದ್ದಾನೆ. ಮಲಯಾಳದ ‘ಲೀಲಾತಿಲಕ’ವೆಂಬ 14ನೇ ಶತಮಾನದ ಲಕ್ಷಣಗ್ರಂಥವು ಪಾಟ್ಟು ಎಂದರೇನೆಂದು ವಿವರಿಸುತ್ತದೆ. ಎರಡು ನಾಡಿನ ಪಂಡಿತರೂ ಜನರ ಬಾಯಿಯ ಮಾತನ್ನೇ ಶಾಸ್ತ್ರಕ್ಕೆ ತೆಗೆದುಕೊಂಡರೆಂಬುದು ಗಮನಾರ್ಹ.

‘ಪದ’ದ ವಿಚಾರ ಬೇರೆ. ಕಿವಿಗೆ ಪಾಡುವಿನ ಒಡಹುಟ್ಟಿದಂತೆ ಕೇಳಿಸಿದರೂ ಅದು ಸಂಸ್ಕೃತದ್ದು. ಹೆಜ್ಜೆ, ಶಬ್ದ ಎಂಬ ಅರ್ಥಗಳುಳ್ಳದ್ದು. ಜಯದೇವನ ‘ಗೀತಗೋವಿಂದ’ದ ಹಾಡುಗಳಿಗೆ ಅಷ್ಟಪದಿ ಎಂಬ ಹೆಸರು ಬಂದದ್ದು ಇದರಿಂದಲೇ. ಕೇರಳದ ದೇವಾಲಯಗಳ ಸೋಪಾನದಲ್ಲಿ ಇಂದಿಗೂ ಆ ಅಷ್ಟಪದಿಗಳನ್ನು ಹಾಡುವರು. ಕನ್ನಡದಲ್ಲಿ ದಾಸರ ಪದ, ಶಿಶುನಾಳ ಶರೀಫರ (1819–1889) ತತ್ತ್ವಪದ ಎಂದು ಪದವು ಭಕ್ತಿ ವೈರಾಗ್ಯಗಳ ಹಾಡಾಯಿತು. ತೆಲುಗಿನಲ್ಲಿ ಹಾಗಲ್ಲ. 17ನೇ ಶತಮಾನದ ಕ್ಷೇತ್ರಯ್ಯನ ಪದಗಳು ಮುವ್ವಗೋಪಾಲನನ್ನು ನಾಯಕನಾಗಿ ಕಂಡು ವಿಳಂಬ ಗತಿಯಲ್ಲಿ ಸಾಗುವ ಶೃಂಗಾರದ ಹಾಡುಗಳು. ಕಥಕಳಿಯಲ್ಲಿ ಪದವೆಂದರೆ ಪಾತ್ರದ ಮಾತು: ಹಿಂದೆ ನಿಂತು ಹಾಡುವವನು ಗಾಯಕ, ಕೈಮುದ್ರೆಗಳಲ್ಲಿ ಅದನ್ನು ಆಡುವವನು ನಟ. ನಮ್ಮ ಯಕ್ಷಗಾನದಲ್ಲಿ ಭಾಗವತರ ಪದ ಮುಗಿದೊಡನೆ ವೇಷಧಾರಿ ಬಾಯಿ ತೆರೆದು ಅದರ ಅರ್ಥವನ್ನು ಬೆಳೆಸುತ್ತಾನೆ. ತಾಳಮದ್ದಳೆಯಲ್ಲಂತೂ ವೇಷವೂ ಬೇಡ, ಪದ ಮತ್ತು ಅರ್ಥ ಎರಡೇ ಸಾಕು.

ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಕೊಟ್ಟಾರಕ್ಕರ ತಂಬುರಾನನ ‘ರಾಮನಾಟ್ಟ’ದೊಡನೆ ಹೋಲಿಸಿ ವಿದ್ವಾಂಸರು ದೀರ್ಘವಾಗಿ ಚರ್ಚಿಸಿದ್ದಾರೆ. ಯಾರಿಂದ ಯಾರು ಪಡೆದರೆಂಬ ತರ್ಕ ಏನೇ ಇರಲಿ, ಎರಡು ಭಾಷೆಗಳ ರಂಗ ಒಂದರ ಹಾಡನ್ನು ಇನ್ನೊಂದು ಕೇಳಿಸಿಕೊಂಡಿತ್ತು ಎಂಬುದಂತೂ ಸ್ಪಷ್ಟ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಭಾಷೆಯ ಮಾತೆತ್ತಿದರೆ ಮನಸ್ಸು ಬಿಸಿಯಾಗುವುದುಂಟು. ಅದು ಸಹಜವೂ ಹೌದು. ಆದರೆ ಹಾಡಿನ ಹೆಸರುಗಳು ಆ ಗೆರೆಗಿಂತ ಬಹಳ ಹಳೆಯವು.

ಕೀರ್ತನೆ ಎಂಬ ಮಾತೂ ಊರೂರಿಗೆ ಅರ್ಥ ಬದಲಿಸುತ್ತದೆ. ಕನ್ನಡದಲ್ಲಿ ಅದು ಪುರಂದರದಾಸರಂಥವರ ರಚನೆ. ಮರಾಠಿಯಲ್ಲಿ ನಿಂತು ಕಥೆ ಹೇಳುತ್ತ ಹಾಡುವ ಇಡೀ ಕಾರ್ಯಕ್ರಮವೇ ಕೀರ್ತನ. ಹಾಗಾಗಿಯೇ ನಮ್ಮಲ್ಲಿ ಹರಿಕಥೆ ಮಾಡುವವರಿಗೂ ಕೀರ್ತನಕಾರರೆಂಬ ಹೆಸರು ಸಂದಿದೆ.

ಈಗ ಉತ್ಸವದ ಆಮಂತ್ರಣಗಳಲ್ಲಿ ಇವೆಲ್ಲವನ್ನೂ ನುಂಗಿ ‘ಭಕ್ತಿಗಾನಮೇಳ’ವೊಂದೇ ಅಚ್ಚಾಗುವುದುಂಟು. ಗಾನಮೇಳದ ಬಗ್ಗೆ ಆಕ್ಷೇಪವಿಲ್ಲ. ಆದರೆ ಹೆಸರು ಹೋದರೆ ಹಾಡುವ ಕ್ರಮವೂ ಅದರ ಹಿಂದೆಯೇ ಹೋಗುತ್ತದೆ. ಪಾಡ್ದನವನ್ನೇ ನೋಡಬಹುದು. ನೇಜಿ ನೆಡುವ ಹೆಂಗಸರು ಗದ್ದೆಯಲ್ಲಿ ಒಬ್ಬರು ಹೇಳಿ ಉಳಿದವರು ದನಿಗೂಡಿಸಿ ಅದನ್ನು ಹಾಡುತ್ತಿದ್ದರು. ಗದ್ದೆಗಳು ಅಡಿಕೆ ತೋಟಗಳಾದಲ್ಲಿ ಆ ದನಿ ನಿಂತಿತು. ಕೋಲದ ಹೊತ್ತಿನಲ್ಲಿ ತೆಂಬರೆ ಬಡಿದು ಹಾಡುವವರ ಬಾಯಲ್ಲಿ ಮಾತ್ರ ಅದು ಇನ್ನೂ ಕೇಳಿಬರುತ್ತಿದೆ.