ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಹಾಗೂ ಹಳೆಯ ಸೇನಾ ಜೀಪುಗಳ ಹೆಡ್‌ಲೈಟ್ ದೋಷ: ಪತ್ತೆ ಮತ್ತು ಪರಿಹಾರ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ಕಟಾವಾದ ಕಬ್ಬು ಮಂಡ್ಯದ ಮೈಷುಗರ್ ಹಾಗೂ ಮದ್ದೂರು ತಾಲ್ಲೂಕಿನ ಕೊಪ್ಪ, ಕೆ.ಎಂ. ದೊಡ್ಡಿಯ ಕಾರ್ಖಾನೆಗಳನ್ನು ಸೇರುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಸರತಿ ಕಾದು ಮರಳುವ ವೇಳೆಗೆ ಕತ್ತಲಾಗಿರುವುದು ಸಾಮಾನ್ಯ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್‌ಗಳಿಗೆ ನಿರ್ಬಂಧವಿರುವುದರಿಂದ ಅವು ದ್ವಿಚಕ್ರ ವಾಹನ, ಪಾದಚಾರಿ ಮತ್ತು ದನಕರುಗಳು ಓಡಾಡುವ ಸರ್ವೀಸ್ ರಸ್ತೆಯನ್ನೇ ಬಳಸಬೇಕಾಗಿದೆ. ನಾಲೆಯ ಏರಿಯ ಮೇಲಿನ ರಸ್ತೆಗಳಲ್ಲಿ ಮಂದ ದೀಪವು ಇನ್ನೂ ಅಪಾಯಕಾರಿ.

ಹೆಡ್‌ಲೈಟ್ ಮಂಕಾದೊಡನೆ ಬಲ್ಬ್ ಬದಲಿಸುವುದು ರೂಢಿ. ಆದರೆ ಹಳೆಯ ವಾಹನಗಳಲ್ಲಿ ದೋಷವು ಬಹುಪಾಲು ಬಲ್ಬಿನಲ್ಲಿರದೆ, ಅರ್ಥಿಂಗ್ ಹಾಗೂ ತಂತಿಯ ಜೋಡಣೆಗಳಲ್ಲಿರುತ್ತದೆ.

ದೋಷಕ್ಕೆ ಕಾರಣಗಳು

ಹೆಡ್‌ಲೈಟ್‌ಗೆ ಬಂದ ವಿದ್ಯುತ್ತು ವಾಹನದ ಚಾಸಿಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಈ ಮರಳುವ ದಾರಿಯೇ ಅರ್ಥಿಂಗ್. ಭತ್ತದ ಗದ್ದೆಯ ಕೆಸರು ಉಳುಮೆ, ಮಳೆನೀರು ಮತ್ತು ರಸಗೊಬ್ಬರದ ಕಣಗಳಿಂದ ಅರ್ಥಿಂಗ್ ಬೋಲ್ಟ್ ತುಕ್ಕು ಹಿಡಿಯುತ್ತದೆ; ತಾಮ್ರದ ತುದಿಗಳಲ್ಲಿ ಕಿಲುಬು ಕಟ್ಟುತ್ತದೆ. ಕಣದಲ್ಲಿ ನಿಲ್ಲಿಸಿದ ವಾಹನದ ತಂತಿಗಳನ್ನು ಇಲಿಗಳು ಕಡಿಯುವುದೂ ಉಂಟು. ಇದರಿಂದ ಬಲ್ಬಿಗೆ ತಲುಪುವ ವೋಲ್ಟೇಜ್ ಶೇ. 10ರಷ್ಟು ಕುಗ್ಗಿದರೂ ಬೆಳಕು ಶೇ. 30ರಷ್ಟು ಕಡಿಮೆಯಾಗುತ್ತದೆ.

ಲಕ್ಷಣಗಳಿಂದ ದೋಷ ಗುರುತಿಸುವುದು

• ಎರಡೂ ದೀಪ ಉರಿಯದಿದ್ದಲ್ಲಿ: ಫ್ಯೂಸ್, ಸ್ವಿಚ್ ಅಥವಾ ಮುಖ್ಯ ತಂತಿ.
• ಒಂದು ದೀಪ ಮಾತ್ರ ಉರಿಯದಿದ್ದಲ್ಲಿ: ಬಲ್ಬ್, ಹೋಲ್ಡರ್ ಅಥವಾ ಆ ಬದಿಯ ಅರ್ಥಿಂಗ್.
• ಹೆಡ್‌ಲೈಟ್ ಹಾಕಿದಾಗ ಇಂಡಿಕೇಟರ್ ಅಥವಾ ಪಾರ್ಕಿಂಗ್ ದೀಪವೂ ಮಿಣುಕಿದಲ್ಲಿ: ಅರ್ಥಿಂಗ್ ದೋಷ.
• ಎಂಜಿನ್ ವೇಗ ಹೆಚ್ಚಿದಾಗ ಮಾತ್ರ ಬೆಳಕು ಹೆಚ್ಚಿದಲ್ಲಿ: ಬ್ಯಾಟರಿ ಅಥವಾ ಚಾರ್ಜಿಂಗ್ ದೋಷ.
• ಕುಲುಕಾಟಕ್ಕೆ ದೀಪ ಮಿನುಗಿದಲ್ಲಿ: ಸಡಿಲ ಜೋಡಣೆ.
• ಹೊಸ ಫ್ಯೂಸ್ ಕೂಡಲೇ ಸುಟ್ಟಲ್ಲಿ: ತಂತಿಯ ಹೊದಿಕೆ ಸವೆದು ಶಾರ್ಟ್ ಆಗಿರುವುದು.

ಪರೀಕ್ಷೆಯ ಕ್ರಮ (12 ವೋಲ್ಟ್ ವಾಹನಗಳಿಗೆ)

ಸಾಧಾರಣ ಮಲ್ಟಿಮೀಟರ್ ಸಾಕು. ಅದನ್ನು ಡಿ.ಸಿ. 20 ವೋಲ್ಟ್ ಗುರುತಿಗೆ ಇಟ್ಟು ಕೆಳಗಿನ ಕ್ರಮವನ್ನು ಅನುಸರಿಸಬೇಕು.

1. ಎಂಜಿನ್ ನಿಲ್ಲಿಸಿ ಕೆಲವು ಗಂಟೆಗಳ ನಂತರ ಬ್ಯಾಟರಿ ಅಳೆಯಿರಿ. ಪೂರ್ಣ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ಇರುತ್ತದೆ, 12.2 ಇದ್ದರೆ ಅರ್ಧದಷ್ಟು ಚಾರ್ಜ್ ಉಳಿದಿದೆ ಎಂದರ್ಥ.
2. ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಬರಬೇಕು. 15 ಮೀರಿದರೆ ರೆಗ್ಯುಲೇಟರ್ ಕೆಟ್ಟಿದೆ. ಬಲ್ಬುಗಳು ಪದೇ ಪದೇ ಸುಡಲು ಇದೂ ಕಾರಣ.
3. ಹೆಡ್‌ಲೈಟ್ ಉರಿಯುತ್ತಿರುವಾಗಲೇ ಮೀಟರಿನ ಕೆಂಪು ತಂತಿಯನ್ನು ಬ್ಯಾಟರಿಯ ಧನ ತುದಿಗೂ ಕಪ್ಪು ತಂತಿಯನ್ನು ಬಲ್ಬ್ ಹೋಲ್ಡರಿನ ವಿದ್ಯುತ್ ಬರುವ ತುದಿಗೂ ಹಿಡಿಯಿರಿ. 0.5 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಸ್ವಿಚ್, ಫ್ಯೂಸ್ ಅಥವಾ ತಂತಿಯಲ್ಲಿ ನಷ್ಟವಾಗುತ್ತಿದೆ.
4. ಅನಂತರ ಕೆಂಪು ತಂತಿಯನ್ನು ಹೋಲ್ಡರಿನ ಅರ್ಥಿಂಗ್ ತುದಿಗೂ ಕಪ್ಪು ತಂತಿಯನ್ನು ಬ್ಯಾಟರಿಯ ಋಣ ತುದಿಗೂ ಹಿಡಿಯಿರಿ. 0.3 ವೋಲ್ಟ್ ಮೀರಿದರೆ ಅರ್ಥಿಂಗ್ ಸರಿಯಿಲ್ಲ.

ದುರಸ್ತಿಗೆ ಮುನ್ನ ಚಾಸಿಗೆ ಜೋಡಿಸಿರುವ ಬ್ಯಾಟರಿ ಕೇಬಲನ್ನು ಮೊದಲು ಕಳಚಬೇಕು. ಅರ್ಥಿಂಗ್ ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ ಬಿಗಿಯಬೇಕು. ಮೇಲೆ ವ್ಯಾಸಲೀನ್ ಲೇಪಿಸಿದರೆ ತೇವ ತಾಗದು.

ಸೇನೆಯಿಂದ ವಿಲೇವಾರಿಯಾದ ಜೀಪುಗಳು

ಹರಾಜಿನಲ್ಲಿ ಕೊಂಡ ಇಂತಹ ಜೀಪುಗಳಲ್ಲಿ ಮೊದಲು ತಿಳಿಯಬೇಕಾದುದು ವೋಲ್ಟೇಜ್. ಎರಡನೆಯ ಮಹಾಯುದ್ಧ ಕಾಲದ ವಿಲ್ಲಿಸ್ ಜೀಪುಗಳದು 6 ವೋಲ್ಟ್ ವ್ಯವಸ್ಥೆ. ಅನಂತರದ ಅನೇಕ ಸೇನಾ ವಾಹನಗಳದು 24 ವೋಲ್ಟ್. 24 ವೋಲ್ಟ್ ವಾಹನಕ್ಕೆ 12 ವೋಲ್ಟ್ ಬಲ್ಬ್ ಹಾಕಿದರೆ ಕ್ಷಣದಲ್ಲಿ ಸುಡುತ್ತದೆ. 12 ವೋಲ್ಟ್ ವಾಹನಕ್ಕೆ 24 ವೋಲ್ಟ್ ಬಲ್ಬ್ ಹಾಕಿದರೆ ಮಂಕಾಗಿ ಉರಿಯುತ್ತದೆ. ಭಾರಿ ಲಾರಿಗಳಿಗೆ ಬಳಸುವ 24 ವೋಲ್ಟ್ ಬಲ್ಬುಗಳು ಅಂಗಡಿಗಳಲ್ಲಿ ದೊರೆಯುತ್ತವೆ.

24 ವೋಲ್ಟ್ ವ್ಯವಸ್ಥೆಯಲ್ಲಿ ಎರಡು ಬ್ಯಾಟರಿಗಳು ಸರಣಿಯಲ್ಲಿರುತ್ತವೆ. ಒಂದರಿಂದ ಮಾತ್ರ 12 ವೋಲ್ಟ್ ತೆಗೆದು ದೀಪ ಉರಿಸಬಾರದು: ಒಂದು ಬ್ಯಾಟರಿ ಬರಿದಾಗಿ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ, ಎರಡೂ ಬೇಗ ಹಾಳಾಗುತ್ತವೆ.

ಶತ್ರುವಿನ ಕಣ್ಣಿಗೆ ಬೀಳದಂತೆ ಸಾಗಲು ಕೆಲವು ಸೇನಾ ವಾಹನಗಳಲ್ಲಿ ಮಸುಕು ದೀಪದ ಪ್ರತ್ಯೇಕ ಸ್ಥಾನವಿರುತ್ತದೆ. ಸ್ವಿಚ್ಚಿನ ತಡೆಗುಂಡಿ ಒತ್ತದ ಹೊರತು ಹೆಡ್‌ಲೈಟ್ ಹೊತ್ತಿಕೊಳ್ಳದು. ಇದನ್ನು ದೋಷವೆಂದು ಭಾವಿಸಿ ತಂತಿ ಕತ್ತರಿಸಬಾರದು.

ಮಾಡಬಾರದ ಕೆಲಸಗಳು

ಫ್ಯೂಸ್ ಬದಲು ತಂತಿ ಅಥವಾ ಸಿಗರೇಟಿನ ಹಾಳೆ ಸುತ್ತಬಾರದು. ಶಾರ್ಟ್ ಆದಾಗ ಫ್ಯೂಸಿನ ಬದಲು ತಂತಿಯೇ ಕಾದು ಕೆಂಪಾಗುತ್ತದೆ. ಒಣ ತರಗಿನ ನಡುವೆ ಹೊತ್ತಿದ ಕಿಡಿ ವಾಹನವನ್ನೂ ಕಬ್ಬನ್ನೂ ಸುಡಬಲ್ಲದು.

60/55 ವ್ಯಾಟ್ ಬಲ್ಬಿನ ಸ್ಥಾನದಲ್ಲಿ 100/90 ವ್ಯಾಟ್ ಬಲ್ಬ್ ಹಾಕಬಾರದು. 60 ವ್ಯಾಟಿನ ಎರಡು ದೀಪಗಳಿಗೆ 12 ವೋಲ್ಟ್‌ನಲ್ಲಿ 10 ಆಂಪಿಯರ್ ಬೇಕಾದರೆ, 100 ವ್ಯಾಟಿನ ಎರಡಕ್ಕೆ ಸುಮಾರು 17 ಆಂಪಿಯರ್ ಬೇಕು. ಹಳೆಯ ಸ್ವಿಚ್ ಮತ್ತು ಹೋಲ್ಡರ್ ಕರಗುತ್ತವೆ. ಬೆಳಕು ಹೆಚ್ಚಬೇಕಿದ್ದರೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ರಿಲೇ ಅಳವಡಿಸುವುದು ಸೂಕ್ತ. ಆಗ ಸ್ವಿಚ್ಚಿನಲ್ಲಿ ಅಲ್ಪ ವಿದ್ಯುತ್ ಮಾತ್ರ ಹರಿಯುತ್ತದೆ.

ಹೊರಡುವ ಮುನ್ನ

ಟ್ರೈಲರಿನ ಭಾರಕ್ಕೆ ಟ್ರ್ಯಾಕ್ಟರಿನ ಮುಂಭಾಗ ತುಸು ಮೇಲೇಳುವುದರಿಂದ, ದೀಪದ ದಿಕ್ಕನ್ನು ಹೊರೆ ತುಂಬಿದ ನಂತರವೇ ಸರಿಪಡಿಸಬೇಕು. 10 ಮೀಟರ್ ದೂರದ ಗೋಡೆಯ ಮೇಲೆ ಡಿಮ್ ಬೆಳಕಿನ ಮೇಲಂಚು ದೀಪದ ಮಧ್ಯಭಾಗಕ್ಕಿಂತ ಕನಿಷ್ಠ 10 ಸೆಂ.ಮೀ. ಕೆಳಗಿರಬೇಕು. ಟ್ರೈಲರಿನ ಹಿಂದೀಪಕ್ಕೂ ಪ್ರತ್ಯೇಕ ಅರ್ಥಿಂಗ್ ತಂತಿ ಎಳೆಯಬೇಕು. ಕೊಂಡಿಯ ಪಿನ್ನನ್ನು ನಂಬಿದರೆ ಕುಲುಕಾಟಕ್ಕೆ ದೀಪ ಆರುತ್ತದೆ. ಕಬ್ಬಿನ ತುದಿಗಳು ಮುಚ್ಚದಂತೆ ಹಿಂಬದಿಯಲ್ಲಿ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಬೇಕು.

ವಿಸ್ತರಣಾ ಕಾರ್ಯಕರ್ತರು ಕಟಾವು ಆರಂಭಕ್ಕೆ ಮುನ್ನ ನಡೆಯುವ ಗ್ರಾಮ ಸಭೆಗಳಲ್ಲಿ 3 ಮತ್ತು 4ನೇ ಪರೀಕ್ಷೆಗಳನ್ನು ಒಂದು ಟ್ರ್ಯಾಕ್ಟರಿನ ಮೇಲೆ ಮಾಡಿ ತೋರಿಸುವುದು ಸೂಕ್ತ. ಹೊಸ ಬಲ್ಬಿನ ಖರ್ಚಿಲ್ಲದೆ, ಬೋಲ್ಟ್ ಉಜ್ಜಿದ ಮಾತ್ರಕ್ಕೆ ಬೆಳಕು ಹೆಚ್ಚುವುದನ್ನು ಕಣ್ಣಾರೆ ಕಂಡ ರೈತರು ಅದನ್ನು ತಮ್ಮ ವಾಹನಗಳಲ್ಲೂ ಅನುಸರಿಸುತ್ತಾರೆ.