ಕ್ಯಾನ್ಸರ್ ಪೀಡಿತ ಮಕ್ಕಳು ಹಾಗೂ ಯುವಜನರ ಕುಟುಂಬಗಳಿಗೆ ಪರಸ್ಪರ ನೆರವಿನ ಬಳಗಗಳು: ಸಾರ್ವಜನಿಕರ ಮಾಹಿತಿಗಾಗಿ

ಕ್ಯಾನ್ಸರ್ ರೋಗಕ್ಕೆ ತುತ್ತಾದ ಮಕ್ಕಳ ಹಾಗೂ ಯುವಜನರ ಚಿಕಿತ್ಸೆಗಾಗಿ ಸರ್ಕಾರವು ಹಲವು ಸೌಲಭ್ಯಗಳನ್ನು ಕಲ್ಪಿಸಿದೆ. ಆದರೆ ಈ ಸೌಲಭ್ಯಗಳ ವಿಷಯವು ಅನೇಕ ಪೋಷಕರಿಗೆ ಮೊದಲು ತಿಳಿಯುವುದು ಯಾವುದೇ ಕಚೇರಿಯಿಂದಲ್ಲ, ಪಕ್ಕದ ಹಾಸಿಗೆಯ ಮಗುವಿನ ತಾಯಿಯಿಂದ. ಇದು ಒಪ್ಪಿಕೊಳ್ಳಬೇಕಾದ ಸಂಗತಿ. ಆದ್ದರಿಂದ ಅಂತಹ ಕುಟುಂಬಗಳು ಒಟ್ಟುಗೂಡಿ ನಡೆಸುವ ನೆರವಿನ ಬಳಗಗಳ ಬಗ್ಗೆ ಹಾಗೂ ಅವುಗಳ ಮೂಲಕ ಪಡೆಯಬಹುದಾದ ಮತ್ತು ಪಡೆಯಬಾರದ ಸಹಾಯದ ಬಗ್ಗೆ ಇಲ್ಲಿ ಮಾಹಿತಿ ನೀಡಲಾಗಿದೆ.

ಬಳಗದ ಅಗತ್ಯವೇನು?

ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಂಡುಬರುವುದು ರಕ್ತದ ಕ್ಯಾನ್ಸರ್. ಇದರ ಪ್ರಮುಖ ಬಗೆಯಾದ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಚಿಕಿತ್ಸೆಯು ಸಾಮಾನ್ಯವಾಗಿ 2ರಿಂದ 3 ವರ್ಷಗಳವರೆಗೆ ನಡೆಯುತ್ತದೆ. ಮೊದಲ ಕೆಲವು ತಿಂಗಳು ಆಸ್ಪತ್ರೆಯಲ್ಲಿ ಕಠಿಣ ಚಿಕಿತ್ಸೆ ನೀಡಲಾಗುತ್ತದೆ. ಅನಂತರದ ದೀರ್ಘ ಅವಧಿಯಲ್ಲಿ ಮಗುವು ಮನೆಯಲ್ಲಿಯೇ ಇದ್ದು ಮಾತ್ರೆಗಳನ್ನು ಸೇವಿಸುತ್ತಾ, ನಿಗದಿತ ದಿನಗಳಂದು ತಪಾಸಣೆಗೆ ಬರಬೇಕಾಗುತ್ತದೆ. ಅಪಾಯವಿರುವುದು ಈ ಎರಡನೆಯ ಅವಧಿಯಲ್ಲಿ. ಉದುರಿದ ಕೂದಲು ಮತ್ತೆ ಬೆಳೆದಿರುತ್ತದೆ, ಮಗು ಆಡಿಕೊಂಡಿರುತ್ತದೆ, ಮನೆಯಲ್ಲಿ ಸಾಲ ಬೆಳೆದಿರುತ್ತದೆ. ರೋಗವು ವಾಸಿಯಾಯಿತೆಂದು ಭಾವಿಸಿ ಅಥವಾ ಪ್ರಯಾಣದ ವೆಚ್ಚ ಭರಿಸಲಾಗದೆ ಕುಟುಂಬವು ಚಿಕಿತ್ಸೆಯನ್ನು ಮಧ್ಯದಲ್ಲಿಯೇ ಕೈಬಿಟ್ಟಲ್ಲಿ ರೋಗವು ಮರುಕಳಿಸುವ ಸಂಭವ ಹೆಚ್ಚು. ಶ್ರೀಮಂತ ರಾಷ್ಟ್ರಗಳಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳ ಪೈಕಿ ಶೇಕಡ 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಬಡ ಹಾಗೂ ಮಧ್ಯಮ ಆದಾಯದ ರಾಷ್ಟ್ರಗಳಲ್ಲಿ ಈ ಪ್ರಮಾಣ ಕಡಿಮೆಯಿರಲು ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುವುದೂ ಒಂದು ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯು ಗುರುತಿಸಿದೆ.

ವೈದ್ಯರು ಹೇಳಿದ್ದನ್ನೇ, ಅದೇ ಹಾದಿ ನಡೆದು ಮುಗಿಸಿದ ಮತ್ತೊಬ್ಬ ತಂದೆ ಹೇಳಿದಾಗ ಮನಸ್ಸಿಗೆ ನಾಟುವುದು ಬೇರೆ ರೀತಿ. ಬಳಗದ ಮುಖ್ಯ ಪ್ರಯೋಜನವೇ ಇದು.

ಬಳಗಗಳು ಎಲ್ಲಿವೆ?

ಚಿಕಿತ್ಸೆ ಪೂರೈಸಿದ ಯುವಜನರೇ ಸೇರಿ ನಡೆಸುವ 'ಉಗಮ್' ಎಂಬ ಬಳಗವು ಭಾರತೀಯ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ 2009ರಲ್ಲಿ ಮುಂಬೈಯಲ್ಲಿ ಆರಂಭವಾಯಿತು. 2004ರಲ್ಲಿ ಸ್ಥಾಪಿತವಾದ ಕ್ಯಾನ್‌ಕಿಡ್ಸ್ ಸಂಸ್ಥೆಯು ಹಲವು ರಾಜ್ಯಗಳ ಆಸ್ಪತ್ರೆಗಳಲ್ಲಿ ಪೋಷಕರ ಬಳಗಗಳನ್ನು ಹಾಗೂ ಹದಿಹರೆಯದವರ ಪ್ರತ್ಯೇಕ ಬಳಗವನ್ನು ನಡೆಸುತ್ತಿದೆ. ಚಿಕಿತ್ಸೆ ಪಡೆಯುತ್ತಿರುವ ಆಸ್ಪತ್ರೆಯ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ವಿಚಾರಿಸಿದಲ್ಲಿ, ಅಲ್ಲಿಗೆ ಸಂಬಂಧಿಸಿದ ಬಳಗದ ವಿವರ ದೊರೆಯುತ್ತದೆ. 1973ರಿಂದ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಕಾರ್ಯನಿರ್ವಹಿಸುತ್ತಿರುವ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವವರೂ ಇದೇ ಕ್ರಮವನ್ನು ಅನುಸರಿಸಬಹುದು.

ದೂರದ ಜಿಲ್ಲೆಗಳ ಕುಟುಂಬಗಳು ಊರಿಗೆ ಮರಳಿದ ಮೇಲೆ ಮೊಬೈಲ್ ದೂರವಾಣಿಯ ಗುಂಪುಗಳ ಮೂಲಕ ಸಂಪರ್ಕದಲ್ಲಿರುವುದು ಈಗ ಸಾಮಾನ್ಯವಾಗಿದೆ. ಬೀದರಿನ ಹಳ್ಳಿಯೊಂದರಲ್ಲಿರುವ ಕುಟುಂಬಕ್ಕೆ ಇದರಷ್ಟು ಸುಲಭದ ಆಸರೆ ಬೇರೆ ಇಲ್ಲ. ಆದಾಗ್ಯೂ ಕೆಳಕಂಡ ವಿಷಯಗಳಲ್ಲಿ ಎಚ್ಚರಿಕೆ ವಹಿಸತಕ್ಕದ್ದು.

ಎಚ್ಚರಿಕೆ

ಔಷಧದ ಪ್ರಮಾಣವನ್ನು ಯಾವ ಕಾರಣಕ್ಕೂ ಗುಂಪಿನಲ್ಲಿ ಕೇಳಿ ನಿರ್ಧರಿಸಬಾರದು. ಉದಾಹರಣೆಗೆ, ರಕ್ತದ ಕ್ಯಾನ್ಸರಿನ ಮನೆಚಿಕಿತ್ಸೆಯ ಅವಧಿಯಲ್ಲಿ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ಕೊಡಲಾಗುತ್ತದೆ. ತಪ್ಪು ತಿಳಿದು ಪ್ರತಿದಿನ ಕೊಟ್ಟಲ್ಲಿ ಪ್ರಾಣಕ್ಕೇ ಅಪಾಯ. ಅದರೊಂದಿಗೆ ಕೊಡುವ ಮತ್ತೊಂದು ಮಾತ್ರೆಯನ್ನು ಪ್ರತಿದಿನ ಸೇವಿಸಬೇಕಾಗಿರುವುದರಿಂದ ಗೊಂದಲವಾಗುವುದು ಸಹಜ. ವೈದ್ಯರ ಚೀಟಿಯಲ್ಲಿ ವಾರದ ಯಾವ ದಿನವೆಂಬುದನ್ನು ಬರೆಯಿಸಿಕೊಳ್ಳುವುದು ಒಳಿತು.

ಚಿಕಿತ್ಸೆಯಲ್ಲಿರುವ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಅದಕ್ಕಿಂತ ಹೆಚ್ಚಿನ ಜ್ವರ ಬಂದಲ್ಲಿ, ಗುಂಪಿನ ಉತ್ತರಕ್ಕಾಗಿ ಕಾಯದೆ ಆ ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ಬಿಳಿ ರಕ್ತಕಣಗಳು ಕಡಿಮೆಯಾಗಿರುವಾಗ ಸೋಂಕು ಕೆಲವೇ ಗಂಟೆಗಳಲ್ಲಿ ಉಲ್ಬಣಿಸಬಲ್ಲದು. ಬೆಳಗಾಗಲಿ ಎಂದು ಕಾಯುವುದು ಸಲ್ಲದು.

ಮಗುವಿನ ಭಾವಚಿತ್ರ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನು ಗುಂಪಿನಲ್ಲಿ ಹಂಚಿಕೊಳ್ಳಬಾರದು. ಖಚಿತವಾಗಿ ಗುಣಪಡಿಸುವುದಾಗಿ ಹೇಳಿ ಪುಡಿ, ಕಷಾಯ ಮಾರುವವರು ಇಂತಹ ಗುಂಪುಗಳೊಳಗೆ ನುಸುಳುವುದುಂಟು. ಅಂತಹವರ ಮಾತಿಗೆ ಮರುಳಾಗಿ ಆಸ್ಪತ್ರೆಯ ಔಷಧವನ್ನು ನಿಲ್ಲಿಸಿದಲ್ಲಿ ಆಗುವ ನಷ್ಟವನ್ನು ಯಾವ ಯೋಜನೆಯೂ ತುಂಬಿಕೊಡಲಾರದು.

ಹದಿಹರೆಯದವರು ಮತ್ತು ಯುವಜನರು

ಹದಿನೇಳು ವರ್ಷದ ಯುವಕನು ಮಕ್ಕಳ ವಾರ್ಡಿಗೂ ಸೇರದೆ ದೊಡ್ಡವರ ವಾರ್ಡಿಗೂ ಸೇರದೆ ನಡುವೆ ನಿಲ್ಲುತ್ತಾನೆ. ಓದು, ಉದ್ಯೋಗ, ವಿವಾಹದ ಪ್ರಶ್ನೆಗಳನ್ನು ಆತ ತಂದೆತಾಯಿಯ ಎದುರು ಆಡಲಾರ. ಸಮವಯಸ್ಕರ ಬಳಗದಲ್ಲಿ ಆಡಬಲ್ಲ. ಕೆಲವು ಔಷಧಗಳು ಹಾಗೂ ವಿಕಿರಣ ಚಿಕಿತ್ಸೆಯು ಸಂತಾನಶಕ್ತಿಯ ಮೇಲೆ ಪರಿಣಾಮ ಬೀರಬಹುದಾದ್ದರಿಂದ, ಈ ಬಗ್ಗೆ ಚಿಕಿತ್ಸೆ ಆರಂಭವಾಗುವ ಮೊದಲೇ ವೈದ್ಯರನ್ನು ಕೇಳಬೇಕು. ಸಂಕೋಚದಿಂದ ಕೇಳದೇ ಉಳಿಯುವ ಪ್ರಶ್ನೆ ಇದು. ಮನಸ್ಸಿನ ಬೇಗುದಿಗೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಮಾಲೋಚನೆ ಪಡೆಯಬಹುದು. ಪೋಷಕರೂ ಕರೆ ಮಾಡಬಹುದು.

ಸೌಲಭ್ಯಗಳು

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಲಭ್ಯ. ಉಳಿದ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟನ್ನು ಭರಿಸಲಾಗುತ್ತಿದ್ದು, ವಾರ್ಷಿಕ ಮಿತಿ 1.5 ಲಕ್ಷ ರೂಪಾಯಿ. ಪಡಿತರ ಚೀಟಿ ಹಾಗೂ ಆಧಾರ್ ಅಗತ್ಯ. ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಸೇರಿಸದೇ ಇರುವುದು ಅನೇಕ ಪ್ರಕರಣಗಳಲ್ಲಿ ತೊಡಕಾಗುತ್ತದೆ. ಇದನ್ನು ಮೊದಲು ಪರಿಶೀಲಿಸಿಕೊಳ್ಳಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ದೊರೆಯದ ಚಿಕಿತ್ಸೆಯನ್ನು ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಪಡೆಯಲು, ತುರ್ತು ಸಂದರ್ಭವನ್ನು ಹೊರತುಪಡಿಸಿ, ಶಿಫಾರಸು ಪತ್ರ ಬೇಕು.

ಚಿಕಿತ್ಸೆಯ ವೆಚ್ಚ ಹೊರತಾಗಿ ಊಟ, ಬಾಡಿಗೆ, ಪ್ರಯಾಣ, ಕಳೆದುಕೊಂಡ ಕೂಲಿ ಇವು ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಕುಟುಂಬವನ್ನು ಸೋಲಿಸುವುದು ಬಹುಪಾಲು ಇವೇ. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಹಾಗೂ ಮೂರನೇ ದರ್ಜೆ ಹವಾನಿಯಂತ್ರಿತ ಬೋಗಿಯಲ್ಲಿ ಪೂರ್ಣ ರಿಯಾಯಿತಿಯಿದ್ದು, ಜೊತೆಗಿರುವ ಒಬ್ಬರಿಗೆ ಶೇಕಡ 75ರ ರಿಯಾಯಿತಿ ಇದೆ. ಇದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆದು ಟಿಕೆಟ್ ಕೌಂಟರಿನಲ್ಲಿ ಹಾಜರುಪಡಿಸಬೇಕು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ, ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ತಾಯಂದಿರು ಉಚಿತವಾಗಿ ಪ್ರಯಾಣಿಸಬಹುದು.

ಶಾಲೆಯ ವಿಷಯ: ಚಿಕಿತ್ಸೆಗಾಗಿ ಬೆಂಗಳೂರಿನಲ್ಲಿ ಬಹುಕಾಲ ನೆಲೆಸಬೇಕಾದ ಕುಟುಂಬದವರು ಪ್ರಾಥಮಿಕ ಹಂತದ ಮಗುವನ್ನು ಬೇರೆ ಶಾಲೆಗೆ ಸೇರಿಸಲು ಇಚ್ಛಿಸಿದಲ್ಲಿ, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಪ್ರಕರಣದಂತೆ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ನೀಡತಕ್ಕದ್ದು.

ಪ್ರತಿ ದಾಖಲೆಯ ಮೂರು ನಕಲು ಪ್ರತಿಗಳನ್ನು ಒಂದೇ ಕಡತದಲ್ಲಿಟ್ಟುಕೊಂಡು, ಮೂಲ ಪ್ರತಿಗಳನ್ನು ಪರಿಶೀಲನೆಗಷ್ಟೇ ತೋರಿಸಿ ಹಿಂಪಡೆಯಬೇಕಾಗಿ ಕೋರಲಾಗಿದೆ.